ಮರಳುಗಾಡಿನ ರೆಸಾರ್ಟ್‌ನಲ್ಲಿ ಗಾಲ್ಫ್: ಕರಾವಳಿಯಿಂದ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆ ಗಲ್ಫ್ ನಂಟು ಇಲ್ಲದ ಮನೆ ಹುಡುಕುವುದು ಕಷ್ಟ. ಅಣ್ಣನೋ ಭಾವನೋ ಮಗಳು ಅಳಿಯನೋ, ಯಾರಾದರೊಬ್ಬರು ದುಬೈ, ದೋಹಾ, ಮಸ್ಕತ್‌ನಲ್ಲಿ ಇದ್ದೇ ಇರುತ್ತಾರೆ. ಹಾಗಾಗಿ ಇಲ್ಲಿ ಗಾಲ್ಫ್ ಕಲಿತವರು ಒಂದಲ್ಲ ಒಂದು ರಜೆಯಲ್ಲಿ ಅಲ್ಲಿನ ರೆಸಾರ್ಟ್ ಕೋರ್ಸ್‌ಗೆ ಹೋಗಿಯೇ ಹೋಗುತ್ತಾರೆ. ಮಂಗಳೂರಿನ ಪಿಲಿಕುಳ ಕೋರ್ಸ್‌ನಲ್ಲಿ ಚೆನ್ನಾಗಿಯೇ ಆಡುತ್ತಿದ್ದವರು ಅಲ್ಲಿ ಮೂರನೇ ಹೋಲ್ ಮುಗಿಯುವಷ್ಟರಲ್ಲಿ ಚೆಂಡಿನ ಮೇಲೆ ಚೆಂಡು ಕಳೆದುಕೊಂಡು ಪೆಚ್ಚಾಗಿ ನಿಲ್ಲುತ್ತಾರೆ. ಅವರ ಸ್ವಿಂಗ್ ಕೆಟ್ಟಿರುವುದಿಲ್ಲ. ಎಲ್ಲಿಗೆ ಹೊಡೆಯಬೇಕು ಎಂಬ ಲೆಕ್ಕ ಮಾತ್ರ ಇನ್ನೂ ಊರಿನದ್ದೇ ಇರುತ್ತದೆ.

ನಮ್ಮ ಕಡೆ ಫೇರ್‌ವೇ (ಕತ್ತರಿಸಿದ ಹುಲ್ಲಿನ ದಾರಿ) ತಪ್ಪಿದರೆ ಉದ್ದ ಹುಲ್ಲು, ಗಿಡ, ಹೆಚ್ಚೆಂದರೆ ಒಂದು ತೋಡು. ಅಲ್ಲಿ ಫೇರ್‌ವೇ ತಪ್ಪಿದರೆ ಸೀದಾ ಹೊಯ್ಗೆ, ಕಲ್ಲು, ಮುಳ್ಳು ಪೊದೆ. ಹುಲ್ಲು ಇರುವುದು ತುಂಡು ತುಂಡಾಗಿ: ಟೀಯಲ್ಲಿ (ಮೊದಲ ಹೊಡೆತ ಹೊಡೆಯುವ ಜಾಗ) ಒಂದಿಷ್ಟು, ಚೆಂಡು ಬೀಳಬೇಕಾದ ಕಡೆ ಒಂದಿಷ್ಟು, ಗ್ರೀನ್ (ಕುಳಿ, ಬಾವುಟ ಇರುವ ನುಣುಪು ಹುಲ್ಲು) ಸುತ್ತ ಒಂದಿಷ್ಟು. ಅಮೆರಿಕದ ಅರಿಝೋನಾದಲ್ಲಿ ನೀರು ಉಳಿಸಲು ಹೊಸ ಕೋರ್ಸ್‌ಗಳ ಹುಲ್ಲಿಗೆ ಸುಮಾರು 90 ಎಕರೆಯ ಮಿತಿ ಹಾಕಿದ್ದರಿಂದ ಈ ಶೈಲಿ ಅಲ್ಲಿ ಚೆನ್ನಾಗಿ ಬೆಳೆಯಿತು. ಗಲ್ಫ್‌ನ ಕಥೆ ಬೇರೆ. ಅಲ್ಲಿ ಮೊದಲು ಇದ್ದದ್ದು ಪೂರ್ತಿ ಮರಳಿನ ಕೋರ್ಸ್‌ಗಳೇ. ಮರಳಿಗೆ ಎಣ್ಣೆ ಬೆರೆಸಿ ಗಟ್ಟಿ ಮಾಡಿದ ‘ಬ್ರೌನ್’ ಮೇಲೆ ಪಟ್ ಮಾಡುತ್ತಿದ್ದರು (ಚೆಂಡನ್ನು ಕುಳಿಗೆ ಉರುಳಿಸುತ್ತಿದ್ದರು), ಚೆಂಡು ಇಟ್ಟು ಹೊಡೆಯಲು ಪ್ಲಾಸ್ಟಿಕ್ ಹುಲ್ಲಿನ ತುಂಡು ಕೈಯಲ್ಲೇ ಹಿಡಿದು ತಿರುಗುತ್ತಿದ್ದರು. 1988ರಲ್ಲಿ ದುಬೈಯ ಎಮಿರೇಟ್ಸ್ ಗಾಲ್ಫ್ ಕ್ಲಬ್‌ನ ಮಜ್ಲಿಸ್ ಕೋರ್ಸ್ ಶುರುವಾದ ಮೇಲೆ ಹುಲ್ಲಿನ ಕಾಲ ಬಂತು. ಮರುವರ್ಷವೇ ಅಲ್ಲಿ ಡೆಸರ್ಟ್ ಕ್ಲಾಸಿಕ್ ಟೂರ್ನಿ ಆರಂಭವಾಯಿತು. ಬೆಂಗಳೂರಿನ ಅದಿತಿ ಅಶೋಕ್ 2016ರಲ್ಲಿ ದೋಹಾದಲ್ಲಿ, 2017ರಲ್ಲಿ ಅಬುಧಾಬಿಯಲ್ಲಿ ಗೆದ್ದದ್ದೂ ಇಂಥ ಮರಳಿನ ನಡುವಿನ ಹುಲ್ಲಿನ ಮೇಲೆಯೇ. ದೂರ ಹೊಡೆಯುವ ವಿಷಯದಲ್ಲಿ ಅದಿತಿ ಹೆಸರು ಮಾಡಿದವರಲ್ಲ ಎಂಬುದನ್ನು ಗಮನಿಸಿ. ನೇರ ಹೊಡೆತ, ಗ್ರೀನ್ ಹತ್ತಿರದ ಕೈಚಳಕ, ಪಟಿಂಗ್, ಇವು ಅವರ ಬಂಡವಾಳ. ನಮಗೂ ಅಲ್ಲಿ ಬೇಕಾದದ್ದು ಅದೇ.

ಯಾವಾಗ ಹೋಗುವುದು

ನವೆಂಬರ್‌ನಿಂದ ಮಾರ್ಚ್. ಇದರಲ್ಲಿ ಚರ್ಚೆಯೇ ಇಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿದು ಆಟ ನಿಂತಿರುತ್ತದೆ. ಅದೇ ಸಮಯದಲ್ಲಿ ಗಲ್ಫ್ ರೆಸಾರ್ಟ್‌ಗಳ ದರ ಇಳಿದಿರುತ್ತದೆ. ಆಸೆ ಹುಟ್ಟುವುದು ಸಹಜ. ಆದರೆ ಅಲ್ಲಿ ಆಗ ಹಗಲಿನ ಬಿಸಿ 40 ಡಿಗ್ರಿ ದಾಟಿರುತ್ತದೆ, ಕಡಲ ಬದಿಯಲ್ಲಿ ಸೆಕೆಯೂ ಸೇರಿಕೊಳ್ಳುತ್ತದೆ. ಬೇಸಿಗೆಯಲ್ಲೇ ಹೋಗಬೇಕಾಗಿ ಬಂದರೆ ರಾತ್ರಿ ದೀಪದ ಬೆಳಕಿನಲ್ಲಿ ಆಡಿಸುವ ಕೋರ್ಸ್ ನೋಡಿ. ಎಮಿರೇಟ್ಸ್ ಗಾಲ್ಫ್ ಕ್ಲಬ್‌ನ ಫಾಲ್ಡೊ ಕೋರ್ಸ್ ಅಂಥದ್ದು.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬುಕ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ: ‘ಚಳಿಗಾಲದ ಹುಲ್ಲು ಬಿತ್ತುವ ಕೆಲಸ ನಡೆಯುತ್ತಿದೆಯಾ?’ ಬರ್ಮುಡಾ ಹುಲ್ಲು ತಂಪಿಗೆ ಮಂಕಾಗುವುದರಿಂದ ಕೆಲವು ಕಡೆ ಅದರ ಮೇಲೆ ರೈ ಹುಲ್ಲು ಬಿತ್ತುತ್ತಾರೆ. ಆಗ ಕೆಲವು ದಿನ ಕೋರ್ಸ್ ಮುಚ್ಚಿರಬಹುದು, ಇಲ್ಲವೇ ಬಗ್ಗಿಯನ್ನು (ಆಟಗಾರರು ಓಡಾಡುವ ಸಣ್ಣ ಗಾಡಿ) ದಾರಿ ಬಿಟ್ಟು ಇಳಿಸಲು ಬಿಡದೇ ಇರಬಹುದು. ರಂಜಾನ್ ತಿಂಗಳಲ್ಲಿ ಸಮಯ ಬದಲಾಗುತ್ತದೆ. ಯುಎಇಯಲ್ಲಿ 2022ರಿಂದ ವಾರದ ರಜೆ ಶನಿವಾರ, ಭಾನುವಾರ. ಶುಕ್ರವಾರ ಅರ್ಧ ದಿನ. ಸೋಮವಾರದಿಂದ ಗುರುವಾರದೊಳಗೆ ಆಡಿದರೆ ಜನವೂ ಕಡಿಮೆ, ಸಾಮಾನ್ಯವಾಗಿ ದುಡ್ಡೂ ಕಡಿಮೆ.

ಯುಎಇ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ ಆರೂವರೆ ಎಂದರೆ ನಿಮ್ಮ ಮೈಗೆ ಎಂಟು ಗಂಟೆ. ಹೋದ ಮರುದಿನವೇ ಬೆಳಗಿನ ಮೊದಲ ಟೀ ಟೈಮ್ (ಆಟ ಶುರು ಮಾಡುವ ಹೊತ್ತು) ತೆಗೆದುಕೊಳ್ಳಿ, ಎಚ್ಚರ ತಾನಾಗಿ ಆಗುತ್ತದೆ. ಗಾಳಿಯೂ ಆಗ ಕಡಿಮೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೆಲವು ಬೆಳಿಗ್ಗೆ ಮಂಜು ಕವಿದು ಆಟ ತಡವಾಗುವುದುಂಟು. ವಿಮಾನ ಹತ್ತುವ ದಿನ ಆಟ ಇಟ್ಟುಕೊಳ್ಳಬೇಡಿ.

ಊರಿನಲ್ಲೇ ಮಾಡುವ ತಯಾರಿ

ಮೊದಲ ಕೆಲಸ, ನಿಮ್ಮ ‘ಕ್ಯಾರಿ’ ದೂರ ತಿಳಿದುಕೊಳ್ಳುವುದು. ಚೆಂಡು ಗಾಳಿಯಲ್ಲಿ ಹಾರಿ ಮೊದಲು ನೆಲ ಮುಟ್ಟುವವರೆಗಿನ ದೂರ ಅದು. ಹೆಚ್ಚಿನವರು ಉರುಳಿದ್ದನ್ನೂ ಸೇರಿಸಿ ‘ನಾನು 210 ಗಜ ಹೊಡೆಯುತ್ತೇನೆ’ ಎನ್ನುತ್ತಾರೆ. ಟೀಯಿಂದ ಹುಲ್ಲಿನವರೆಗೆ 190 ಗಜ ಮರಳು ದಾಟಬೇಕು ಎಂದಾಗ ಉರುಳುವ ಗಜಗಳು ಲೆಕ್ಕಕ್ಕೆ ಬರುವುದಿಲ್ಲ ಮಾರಾಯ್ರೆ. ಡ್ರೈವರ್ (ಅತಿ ದೂರ ಹೊಡೆಯುವುದು), ಹೈಬ್ರಿಡ್ (ಅದಕ್ಕಿಂತ ಕಡಿಮೆ ದೂರದ್ದು), 7 ಐರನ್ (ಇನ್ನೂ ಕಡಿಮೆ ದೂರದ್ದು), ಈ ಮೂರು ಕ್ಲಬ್‌ಗಳ, ಅಂದರೆ ಹೊಡೆಯುವ ಕೋಲುಗಳ, ಕ್ಯಾರಿ ಬರೆದಿಟ್ಟುಕೊಳ್ಳಿ. ಅತಿ ಚೆನ್ನಾಗಿ ಕೂತ ಹೊಡೆತದ ದೂರ ಬೇಡ, ಹತ್ತರಲ್ಲಿ ಏಳು ಸಲ ಬರುವ ದೂರ ಬರೆಯಿರಿ.

ಬೆಂಗಳೂರಿನಲ್ಲಿ ಆಡಿ ಅಭ್ಯಾಸ ಇರುವವರು ಇನ್ನೊಂದು ಲೆಕ್ಕ ಹಾಕಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿನ ತೆಳು ಗಾಳಿಯಲ್ಲಿ ಚೆಂಡು ಸುಮಾರು ಶೇ 3ರಷ್ಟು ಹೆಚ್ಚು ಹೋಗುತ್ತದೆ. ದುಬೈ ನಮ್ಮ ಮಂಗಳೂರಿನ ಹಾಗೆ ಕಡಲ ಮಟ್ಟದಲ್ಲಿದೆ. ಬೆಂಗಳೂರಿನಲ್ಲಿ 150 ಗಜ ಹೋಗುವ ಕ್ಲಬ್ ಅಲ್ಲಿ 145ಕ್ಕೆ ನಿಲ್ಲುತ್ತದೆ. ಆ ಐದು ಗಜದಲ್ಲೇ ಗ್ರೀನ್ ಮುಂದಿನ ಬಂಕರ್ (ಮರಳು ತುಂಬಿದ ಗುಂಡಿ) ಕಾದಿರುತ್ತದೆ. ‘ಬಿಸಿಗೆ ಚೆಂಡು ಜಾಸ್ತಿ ಹೋಗುತ್ತದಲ್ವಾ?’ ಎಂದು ಕೇಳಬಹುದು. ಹೋಗುತ್ತದೆ, ಆದರೆ 20 ಡಿಗ್ರಿಯ ಬೆಳಿಗ್ಗೆಗೂ 35 ಡಿಗ್ರಿಯ ಮಧ್ಯಾಹ್ನಕ್ಕೂ ಡ್ರೈವರ್‌ನಲ್ಲಿ ಹೆಚ್ಚೆಂದರೆ ಐದಾರು ಗಜ ವ್ಯತ್ಯಾಸ.

ಎರಡನೇ ಕೆಲಸ, ಹೊಯ್ಗೆಯ ಅಭ್ಯಾಸ. ಇದಕ್ಕೆ ನಮ್ಮಷ್ಟು ಅದೃಷ್ಟವಂತರು ಯಾರೂ ಇಲ್ಲ. ಹಳೆಯ ಸ್ಯಾಂಡ್ ವೆಜ್ (ಮರಳಿನಿಂದ ಚೆಂಡು ಎತ್ತುವ ಕ್ಲಬ್) ಒಂದನ್ನು ಹಿಡಿದು ಬೆಳಿಗ್ಗೆ ಬೇಗ, ಜನ ಇಲ್ಲದ ಕಡಲ ತೀರಕ್ಕೆ ಹೋಗಿ. ಚೆಂಡು ಬೇಡವೇ ಬೇಡ. ವಾಕಿಂಗ್ ಬರುವವರು, ಬಲೆ ಎಳೆಯುವವರು, ನಾಯಿಗಳು, ಯಾರ ಮೇಲೂ ಚೆಂಡು ಹಾರಬಾರದು. ಬಲೆ, ದೋಣಿ ಇಟ್ಟಿರುವ ಜಾಗದಿಂದಲೂ ದೂರ ಇರಿ. ಕೋಲಿನಿಂದ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಗೆರೆಯ ಎರಡೂ ಕಡೆ ಕಾಲಿಟ್ಟು ನಿಂತು, ಕ್ಲಬ್ ಮರಳಿಗೆ ಸರಿಯಾಗಿ ಗೆರೆಯ ಮೇಲೆಯೇ ಇಳಿಯುವಂತೆ ಬೀಸಿ. ಒಂದೊಂದು ಹೆಜ್ಜೆ ಮುಂದೆ ಸರಿಯುತ್ತಾ ಗೆರೆ ಮುಗಿಯುವವರೆಗೆ ಹೀಗೇ ಮಾಡಿ. ಆಮೇಲೆ ಹಿಂದೆ ತಿರುಗಿ ನೋಡಿ. ಹೊಂಡಗಳೆಲ್ಲ ಗೆರೆಯಿಂದಲೇ ಶುರುವಾಗಿದ್ದರೆ ನಿಮ್ಮ ಬಂಕರ್ ಆಟ ಅರ್ಧ ಸರಿಯಾಯಿತು. ಒಂದು ಗೆರೆಯ ಹಿಂದೆ, ಇನ್ನೊಂದು ಮುಂದೆ ಇದ್ದರೆ ಕಾಲಿನ ಭಾರ ಅತ್ತಿತ್ತ ಓಡಾಡುತ್ತಿದೆ ಎಂದರ್ಥ.

ಇದನ್ನು ಎರಡು ಕಡೆ ಮಾಡಿ. ಅಲೆ ಬಂದು ಹೋಗುವ ಒದ್ದೆ ಪಟ್ಟಿಯಲ್ಲಿ ಮರಳು ಗಟ್ಟಿ, ಕ್ಲಬ್ ಪುಟಿದು ಮೇಲೆ ಬರುತ್ತದೆ. ಮೇಲಿನ ಒಣ ಹೊಯ್ಗೆಯಲ್ಲಿ ಅದು ಒಳಗೆ ಹೂತು ಹೋಗುತ್ತದೆ. ಕಲ್ಲಿಲ್ಲದ ಮರಳೇ ಆರಿಸಿ. ಮನೆಗೆ ಬಂದ ಮೇಲೆ ಕ್ಲಬ್ಬನ್ನು ಸಿಹಿ ನೀರಿನಲ್ಲಿ ತೊಳೆದು ಒರೆಸಿ, ಇಲ್ಲದಿದ್ದರೆ ಉಪ್ಪಿಗೆ ಬೇಗ ತುಕ್ಕು ಹಿಡಿಯುತ್ತದೆ.

ಮೂರನೆಯದು, ಹುಲ್ಲಿಲ್ಲದ ಗಟ್ಟಿ ನೆಲದಿಂದ ಚಿಪ್ ಮಾಡುವುದು, ಅಂದರೆ ಹತ್ತಿರಕ್ಕೆ ಸಣ್ಣದಾಗಿ ಹೊಡೆಯುವುದು. ಮುರಕಲ್ಲಿನ ಮೇಲೆ ತೆಳು ಮಣ್ಣು ಇರುವ ಜಾಗ ನಮ್ಮಲ್ಲಿ ಎಲ್ಲ ಕಡೆ ಇದೆ. ಹಳೆ 8 ಐರನ್ ಹಿಡಿದು, ಚೆಂಡನ್ನು ಬಲಗಾಲಿನ ಕಡೆಗೆ ಸ್ವಲ್ಪ ಸರಿಸಿ, ಮಣಿಕಟ್ಟು ಮುರಿಯದೆ ಮೆಲ್ಲಗೆ ತಳ್ಳುವ ಹೊಡೆತ ರೂಢಿ ಮಾಡಿಕೊಳ್ಳಿ. ನಾನು ಹೇಳುವುದೆಲ್ಲ ಬಲಗೈ ಆಟಗಾರರಿಗೆ, ಎಡಗೈಯವರು ತಿರುಗಿಸಿಕೊಳ್ಳಿ.

ಬುಕಿಂಗ್, ಬ್ಯಾಗ್, ಬಟ್ಟೆ

ಹ್ಯಾಂಡಿಕ್ಯಾಪ್ (ನಿಮ್ಮ ಆಟದ ಮಟ್ಟ ತೋರಿಸುವ ಅಂಕಿ) ಇದ್ದರೆ ಅದರ ದಾಖಲೆ ಫೋನಿನಲ್ಲಿ ಇರಲಿ, ಕೆಲವು ಕೋರ್ಸ್‌ಗಳು ಕೇಳುತ್ತವೆ. ಬುಕ್ ಮಾಡುವಾಗ ಬಗ್ಗಿ, ರೇಂಜ್ (ಅಭ್ಯಾಸದ ಮೈದಾನ) ಚೆಂಡು, ನೀರು ಶುಲ್ಕದಲ್ಲಿ ಸೇರಿದೆಯಾ ಎಂದು ಕೇಳಿ. ನಮ್ಮ ಕ್ಲಬ್‌ಗಳ ಹಾಗೆ ಕ್ಯಾಡಿ (ಬ್ಯಾಗ್ ಹೊರುವ ಸಹಾಯಕ) ಸಿಗುತ್ತಾರೆ ಎಂದುಕೊಳ್ಳಬೇಡಿ. ಗಲ್ಫ್‌ನಲ್ಲಿ ಹೆಚ್ಚಾಗಿ ನೀವು, ಬಗ್ಗಿ, ಅದರ ಜಿಪಿಎಸ್ ಪರದೆ, ಇಷ್ಟೇ. ಲೈ (ಚೆಂಡು ಕೂತಿರುವ ರೀತಿ) ನೋಡುವುದು, ಮರಳು ಸರಿ ಮಾಡುವುದು, ಚೆಂಡು ಹುಡುಕುವುದು ಎಲ್ಲ ನಿಮ್ಮದೇ ಕೆಲಸ. ಕ್ಯಾಡಿಯನ್ನೇ ನಂಬಿ ಆಡಿದವರಿಗೆ ಇದು ದೊಡ್ಡ ಬದಲಾವಣೆ.

ಒಂದೆರಡು ರೌಂಡ್‌ಗೆ ಮಂಗಳೂರಿನಿಂದ ಇಡೀ ಸೆಟ್ ಹೊತ್ತೊಯ್ಯುವುದು ನನ್ನ ಪ್ರಕಾರ ಸುಮ್ನೆ ತಲೆನೋವು. ರೆಸಾರ್ಟ್‌ಗಳಲ್ಲಿ ಒಳ್ಳೆ ಸೆಟ್ ಬಾಡಿಗೆಗೆ ಸಿಗುತ್ತದೆ. ಶಾಫ್ಟ್ ಯಾವ ಬಗೆ, ಎಡಗೈ ಸೆಟ್ ಇದೆಯಾ, 56 ಡಿಗ್ರಿ ಸ್ಯಾಂಡ್ ವೆಜ್ ಇದೆಯಾ ಎಂದು ಮೊದಲೇ ಬರೆದು ಕೇಳಿ. ಶೂ, ಗ್ಲವ್, ಟೋಪಿ, ಚೆಂಡು ನಿಮ್ಮದೇ ಇರಲಿ. ಸೆಟ್ ಒಯ್ಯುವುದೇ ಆದರೆ ಕ್ರೀಡಾ ಸಾಮಾನಿನ ತೂಕದ ನಿಯಮ ವಿಮಾನ ಕಂಪನಿಗೆ ಕೇಳಿ ಬರವಣಿಗೆಯಲ್ಲಿ ಪಡೆಯಿರಿ. ಗಾಲ್ಫ್ ಕ್ಲಬ್ ಕ್ಯಾಬಿನ್‌ಗೆ ಬಿಡುವುದಿಲ್ಲ, ಪವರ್ ಬ್ಯಾಂಕ್ ಚೆಕ್‌-ಇನ್‌ಗೆ ಬಿಡುವುದಿಲ್ಲ. ಡ್ರೈವರ್ ತಲೆಗೆ ಹಳೆ ಬೈರಾಸು ಸುತ್ತಿ.

ಬಟ್ಟೆ ಸುಲಭ: ಕಾಲರ್ ಇರುವ ಟೀ ಶರ್ಟ್, ಹೊಲಿಸಿದ ಪ್ಯಾಂಟ್ ಅಥವಾ ಮಂಡಿವರೆಗಿನ ಚಡ್ಡಿ, ಮೆತ್ತನೆ ಮುಳ್ಳಿನ ಶೂ. ಜೀನ್ಸ್ ಬೇಡ. ಹಳದಿ ಅಥವಾ ಕಿತ್ತಳೆ ಬಣ್ಣದ ಚೆಂಡು ಬಿಸಿಲಿನ ಮರಳಿನಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ದುಬಾರಿ ಚೆಂಡು ಒಯ್ಯಬೇಡಿ, ಪೊದೆ ಕಲ್ಲುಗಳ ನಡುವೆ ಅದರ ಮೈ ತರಚಿಹೋಗುತ್ತದೆ.

ಬೆನ್ನು ನೋವಿಗೆ ಮಾತ್ರೆ ನುಂಗಿ ಆಡುವವರು ಗಮನಿಸಿ. ಟ್ರಮಡಾಲ್, ಕೊಡೀನ್ ಇರುವ ಔಷಧಿಗಳು ಯುಎಇಯಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಚೀಟಿ ಇದ್ದರೂ ಅಲ್ಲಿನ ನಿಯಮ ನೋಡದೆ ಬ್ಯಾಗಿಗೆ ಹಾಕಬೇಡಿ.

ಆಟದ ದಿನ, ಮೊದಲ ಟೀಗೆ ಮುಂಚೆ

ಒಂದು ಗಂಟೆ ಮೊದಲೇ ತಲುಪಿ. ಎಲ್ಲರೂ ರೇಂಜ್‌ಗೆ ಓಡಿ ಡ್ರೈವರ್ ಬೀಸುತ್ತಾರೆ. ನೀವು ಮೊದಲು ಅಭ್ಯಾಸದ ಬಂಕರ್‌ಗೆ ಹೋಗಿ. ಕಾಲು ಎಷ್ಟು ಹೂಳುತ್ತದೆ ನೋಡಿ, ಹತ್ತು ಚೆಂಡು ಹೊಡೆದು ಮರಳು ಮೆತ್ತಗೋ ಗಟ್ಟಿಯೋ ತಿಳಿದುಕೊಳ್ಳಿ. ಕೋರ್ಸ್‌ನ ಬಂಕರ್ ಒಳಗೆ ಕೈಯಿಂದಲೋ ಕ್ಲಬ್‌ನಿಂದಲೋ ಮರಳು ಪರೀಕ್ಷಿಸುವಂತಿಲ್ಲ, ಹಾಗಾಗಿ ಇದೊಂದೇ ಅವಕಾಶ.

ಆಮೇಲೆ ಸ್ಟಾರ್ಟರ್ (ಸರದಿಯಂತೆ ಆಟ ಶುರು ಮಾಡಿಸುವ ಸಿಬ್ಬಂದಿ) ಹತ್ತಿರ ಹೋಗಿ. ಅವರು ಮಲಯಾಳಿಯೋ ಫಿಲಿಪೀನ್ಸ್‌ನವರೋ ಆಗಿರಬಹುದು, ಅದೃಷ್ಟವಿದ್ದರೆ ನಮ್ಮ ಕಡೆಯವರೇ ಸಿಕ್ಕಾರು. ಕೇಳಬೇಕಾದದ್ದು ಇಷ್ಟು. ಫೇರ್‌ವೇ ಹೊರಗಿನ ಮರಳು ಸಾಮಾನ್ಯ ಜಾಗವೋ, ಕೆಂಪು ಗೂಟ ಹಾಕಿದ ಪೆನಾಲ್ಟಿ ಏರಿಯಾವೋ (ಒಂದು ಹೊಡೆತದ ದಂಡಕ್ಕೆ ಚೆಂಡು ಹೊರಗೆ ತರಬಹುದಾದ ಜಾಗ)? ಯಾವ ಹೋಲ್‌ನಲ್ಲಿ ಬಂಕರ್, ಯಾವ ಹೋಲ್‌ನಲ್ಲಿ ವೇಸ್ಟ್ ಏರಿಯಾ (ನಿಯಮದಲ್ಲಿ ಬಂಕರ್ ಎನಿಸದ ಮರಳು)? ಚೆಂಡು ಕಳೆದರೆ ಹಿಂದೆ ಹೋಗಬೇಕೋ, ಎರಡು ಹೊಡೆತ ಸೇರಿಸಿ ಮುಂದೆ ಡ್ರಾಪ್ ಮಾಡುವ (ಕೈಯಿಂದ ಚೆಂಡು ಬೀಳಿಸಿ ಆಡುವ) ಸ್ಥಳೀಯ ನಿಯಮ ಇದೆಯೋ? ಈ ಉತ್ತರಗಳು ಸ್ಕೋರ್‌ಕಾರ್ಡ್ ಹಿಂಬದಿಯಲ್ಲೂ ಇರುತ್ತವೆ. ಓದುವವರು ಮಾತ್ರ ಕಡಿಮೆ.

ಟೀ ಆರಿಸುವಾಗ ಮರ್ಯಾದೆ ಪ್ರಶ್ನೆ ಬೇಡ. ಡ್ರೈವರ್ 200 ಗಜ ಹೋಗುವವರಿಗೆ ಒಟ್ಟು 5,200ರಿಂದ 5,400 ಗಜದ ಕೋರ್ಸ್ ಸರಿ, 225 ಗಜ ಹೋಗುವವರಿಗೆ 5,800ರಿಂದ 6,000. ಸ್ನೇಹಿತರು ಹಿಂದಿನ ಟೀಗೆ ಹೋದರೂ ನೀವು ಮುಂದಿನದ್ದರಿಂದಲೇ ಹೊಡೆಯಿರಿ. ಸಾಮಾನ್ಯ ಕೋರ್ಸ್‌ನಲ್ಲಿ ತಪ್ಪು ಟೀ ಆರಿಸಿದರೆ ಆಟ ಉದ್ದವಾಗುತ್ತದೆ ಅಷ್ಟೆ. ಇಲ್ಲಿ ಚೆಂಡು ಹುಲ್ಲನ್ನೇ ಮುಟ್ಟುವುದಿಲ್ಲ.

ಟೀಯಿಂದ: ಹಿಂದಿನಿಂದ ಮುಂದಕ್ಕೆ ಯೋಚನೆ

ಟೀ ಮೇಲೆ ನಿಂತಾಗ ಮೂರು ಸಂಖ್ಯೆ ಬೇಕು: ಹುಲ್ಲು ಶುರುವಾಗುವ ದೂರ, ಹುಲ್ಲು ಮುಗಿಯುವ ದೂರ, ಅದರ ನಡುವೆ ಅತಿ ಅಗಲವಾದ ಜಾಗದ ದೂರ. ಬಗ್ಗಿಯ ಜಿಪಿಎಸ್‌ನಲ್ಲಿ ಇವು ಸಿಗುತ್ತವೆ. ಉದಾಹರಣೆಗೆ 380 ಗಜದ ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಹುಲ್ಲು 140ಕ್ಕೆ ಶುರು, 235ಕ್ಕೆ ಮುಗಿಯುತ್ತದೆ. 180ರ ಸುತ್ತ ಅಗಲವಾಗಿದೆ, 210ರಲ್ಲಿ ಎರಡೂ ಕಡೆಯಿಂದ ಮರಳು ಒತ್ತಿಕೊಂಡು ಬಂದಿದೆ. ಡ್ರೈವರ್ ತೆಗೆದರೆ ಚೆಂಡು ಹೋಗುವುದು ಸೀದಾ ಆ ಇಕ್ಕಟ್ಟಿಗೆ. ಹೈಬ್ರಿಡ್ ತೆಗೆದು 180ಕ್ಕೆ ಹಾಕಿ. ಉಳಿದ 200 ಗಜ ಎರಡು ಹೊಡೆತದಲ್ಲಿ ಗ್ರೀನ್, ಎರಡು ಪಟ್. ಬೋಗಿ, ಅಂದರೆ ಪಾರ್‌ಗಿಂತ ಒಂದು ಜಾಸ್ತಿ. ಹದಿನೆಂಟು ಹೋಲ್ ಹೀಗೇ ಆಡಿದರೆ 90, ಅದು ರಜೆಯ ಆಟಗಾರನಿಗೆ ಬಹಳ ಒಳ್ಳೆಯ ಸ್ಕೋರ್.

ಮರಳು ದಾಟಲೇಬೇಕಾದ ಹೋಲ್‌ಗಳಿರುತ್ತವೆ. ದಾಟಬೇಕಾದ ದೂರಕ್ಕೆ 15 ಗಜ ಸೇರಿಸಿ, ಅಷ್ಟು ನಿಮ್ಮ ಕ್ಯಾರಿ ಇದ್ದರೆ ಮಾತ್ರ ಹೊಡೆಯಿರಿ. ಓರೆಯಾಗಿ ಹೋಗುವ ಮರಳಾದರೆ ಕಡಿಮೆ ದಾಟುವ ಬದಿ ನೋಡಿ. ಚೆಂಡು ಪೊದೆಗೆ ಹೋಯಿತೆಂಬ ಅನುಮಾನ ಬಂದರೆ ಅಲ್ಲೇ ‘ಪ್ರೊವಿಷನಲ್’ (ತಾತ್ಕಾಲಿಕ ಚೆಂಡು) ಎಂದು ಜೋರಾಗಿ ಹೇಳಿ ಇನ್ನೊಂದು ಹೊಡೆಯಿರಿ. ಹುಡುಕಲು ಇರುವುದು ಮೂರೇ ನಿಮಿಷ.

ಗಾಳಿ ವಿಷಯ ನಮಗೆ ಹೇಳಿಕೊಡಬೇಕಿಲ್ಲ. ಪಣಂಬೂರಿನಲ್ಲಿ ಮಧ್ಯಾಹ್ನ ಏಳುವ ಕಡಲಗಾಳಿ ದುಬೈ, ಅಬುಧಾಬಿಯ ತೀರದಲ್ಲೂ ಅದೇ ಹೊತ್ತಿಗೆ ಏಳುತ್ತದೆ. ಇದರ ಮೇಲೆ ವಾಯವ್ಯದಿಂದ ಬೀಸುವ ‘ಶಮಾಲ್’ ಇದ್ದರೆ ಮರಳು ಕಣ್ಣಿಗೇ ಬರುತ್ತದೆ. ಎದುರು ಗಾಳಿಗೆ ಜೋರಾಗಿ ಬೀಸಿದರೆ ಚೆಂಡು ಇನ್ನೂ ಮೇಲೇರುತ್ತದೆ. ಒಂದೆರಡು ಕ್ಲಬ್ ದೊಡ್ಡದು ತೆಗೆದು ಮೆಲ್ಲಗೆ ಬೀಸಿ.

ಹೊಯ್ಗೆ ಒಂದು: ಬಂಕರ್

ಗ್ರೀನ್ ಬದಿಯ ಬಂಕರ್‌ನಲ್ಲಿ ಚೆಂಡನ್ನು ಹೊಡೆಯುವುದೇ ಇಲ್ಲ, ಅದರ ಕೆಳಗಿನ ಮರಳನ್ನು ಹೊಡೆಯುತ್ತೇವೆ. ಚೆಂಡು ಮರಳಿನ ಜೊತೆ ಎದ್ದು ಬರುತ್ತದೆ. 1930ರ ದಶಕದ ಆರಂಭದಲ್ಲಿ ಅಮೆರಿಕದ ಆಟಗಾರ ಜೀನ್ ಸರಾಜೆನ್ ವೆಜ್ ಅಡಿಗೆ ಲೋಹ ಸೇರಿಸಿ ಅಡಿಭಾಗ ದಪ್ಪ ಮಾಡಿದ್ದು ಇದಕ್ಕಾಗಿಯೇ. ಆ ದಪ್ಪ ಅಡಿ ಮರಳಿನ ಮೇಲೆ ಜಾರಬೇಕು, ಅಗೆಯಬಾರದು. ಈ ಗುಣಕ್ಕೆ ಬೌನ್ಸ್ ಎನ್ನುತ್ತಾರೆ. ಒಣ ಮೆತ್ತನೆ ಮರಳಿಗೆ 12ರಿಂದ 14 ಡಿಗ್ರಿ ಬೌನ್ಸ್ ಇರುವ ವೆಜ್ ಬೇಕು. ಗಟ್ಟಿ ಮರಳಿಗೆ 8ರ ಆಸುಪಾಸು ಸಾಕು.

ಮೊದಲು ಕ್ಲಬ್ ಮುಖ ಆಕಾಶ ನೋಡುವಂತೆ ತಿರುಗಿಸಿ, ಆಮೇಲೆ ಹಿಡಿಯಿರಿ. ಹಿಡಿದ ಮೇಲೆ ಮಣಿಕಟ್ಟು ತಿರುಚಿ ತೆರೆದರೆ ಹೊಡೆಯುವಾಗ ಅದು ವಾಪಸ್ ಮುಚ್ಚಿಕೊಳ್ಳುತ್ತದೆ. ಕಾಲು ಅಗಲ ಮಾಡಿ, ಒಂದಿಂಚು ಮರಳಿಗೆ ಹೂಳಿ. ಚೆಂಡು ಎಡ ಹಿಮ್ಮಡಿಯ ನೇರಕ್ಕೆ. ಭಾರ ಎಡಗಾಲಿನ ಮೇಲೆ ಸ್ವಲ್ಪ ಜಾಸ್ತಿ, ಕೊನೆವರೆಗೂ ಅಲ್ಲೇ ಇರಲಿ. ಚೆಂಡಿನ ಹಿಂದೆ ಎರಡಿಂಚು, ಅಂದರೆ ಸುಮಾರು 5 ಸೆಂಟಿಮೀಟರ್ ಜಾಗವನ್ನೇ ನೋಡುತ್ತಾ, ಹುಲ್ಲಿನ ಮೇಲೆ ಅದೇ ದೂರಕ್ಕೆ ಬೇಕಾಗುವುದಕ್ಕಿಂತ ದುಪ್ಪಟ್ಟು ಉದ್ದಕ್ಕೆ ಬೀಸಿ. ಮರಳು ತಾಗಿದಾಗ ನಿಲ್ಲಿಸಬೇಡಿ. ಹತ್ತರಲ್ಲಿ ಒಂಬತ್ತು ಜನರ ಚೆಂಡು ಬಂಕರ್‌ನಲ್ಲೇ ಉಳಿಯುವುದು ಹೆದರಿ ಕೈ ತಡೆಯುವುದರಿಂದ.

ಮೇಲಿನಿಂದ ಬಿದ್ದ ಚೆಂಡು ಮೆತ್ತನೆ ಮರಳಿನಲ್ಲಿ ಅರ್ಧ ಹೂತು ಕೂರುವುದುಂಟು. ಆಗ ವಿಧಾನ ತಿರುಗಾಮುರುಗಾ. ಮುಖ ತೆರೆಯಬೇಡಿ, ನೇರ ಇಡಿ. ಭಾರ ಇನ್ನೂ ಎಡಕ್ಕೆ. ಚೆಂಡಿನ ಹಿಂದೆ ಕಡಿದಾಗಿ ಕೆಳಕ್ಕೆ ಹೊಡೆಯಿರಿ. ಚೆಂಡು ಹೊರಗೆ ಬಂದು ತುಂಬಾ ಉರುಳುತ್ತದೆ, ಅದಕ್ಕೆ ಜಾಗ ಬಿಟ್ಟುಕೊಂಡೇ ಗುರಿ ಇಡಿ. ಬಾವುಟದ ಆಸೆ ಬೇಡ.

ಫೇರ್‌ವೇ ಬಂಕರ್‌ನಲ್ಲಿ ಮೊದಲು ಬಂಕರ್‌ನ ಮುಂದಿನ ಅಂಚಿನ ಎತ್ತರ ನೋಡಿ. ಅದನ್ನು ದಾಟುವ ಕ್ಲಬ್ ಆರಿಸಿ, ದೂರದ ಮಾತು ಆಮೇಲೆ. ಇಲ್ಲಿ ಕಾಲು ಜಾಸ್ತಿ ಹೂಳಬೇಡಿ, ಕ್ಲಬ್ ಒಂದಿಂಚು ಕೆಳಗೆ ಹಿಡಿಯಿರಿ, ಚೆಂಡಿಗೇ ಮೊದಲು ತಾಗಬೇಕು.

ನಿಯಮ: ಬಂಕರ್ ಒಳಗೆ ಚೆಂಡಿನ ಮುಂದೆ, ಹಿಂದೆ ಕ್ಲಬ್‌ನಿಂದ ಮರಳು ಮುಟ್ಟುವಂತಿಲ್ಲ. ಅಭ್ಯಾಸದ ಬೀಸಿನಲ್ಲೂ, ಹಿಂದಕ್ಕೆ ಎತ್ತುವಾಗಲೂ ಇಲ್ಲ. ಮುಟ್ಟಿದರೆ ಎರಡು ಹೊಡೆತದ ದಂಡ. ಒಣ ಎಲೆ, ಸಣ್ಣ ಕಲ್ಲು ತೆಗೆಯಬಹುದು, 2019ರಿಂದ ಅದಕ್ಕೆ ಅವಕಾಶ ಇದೆ. ಆಡಲಾಗದ ಜಾಗದಲ್ಲಿದ್ದರೆ ಒಂದು ಹೊಡೆತ ಸೇರಿಸಿ ಬಂಕರ್ ಒಳಗೇ ಡ್ರಾಪ್ ಮಾಡಬಹುದು, ಎರಡು ಸೇರಿಸಿದರೆ ಬಾವುಟದಿಂದ ಚೆಂಡಿನ ನೇರಕ್ಕೆ ಹಿಂದೆ, ಬಂಕರ್ ಹೊರಗೆ. ಮೂರು ಸಲ ಹೊಡೆದೂ ಅಲ್ಲೇ ಇರುವುದಕ್ಕಿಂತ ಆ ಎರಡು ಹೊಡೆತ ಅಗ್ಗ. ಹೊರಗೆ ಬಂದ ಮೇಲೆ ಹಲ್ಲುಗೋಲಿನಿಂದ ಮರಳು ಸಮ ಮಾಡಿ.

ಹೊಯ್ಗೆ ಎರಡು: ವೇಸ್ಟ್ ಏರಿಯಾ ಮತ್ತು ಕಾಡು ಮರಳು

ನೋಡಲು ಬಂಕರ್ ತರಹವೇ ಕಾಣುತ್ತದೆ, ಆದರೆ ಹಲ್ಲುಗೋಲು ಇರುವುದಿಲ್ಲ, ಗಿಡ ಕಲ್ಲು ಇರುತ್ತವೆ. ನಿಯಮದ ಕಣ್ಣಿಗೆ ಇದು ಫೇರ್‌ವೇಯಂತೆ ಸಾಮಾನ್ಯ ಜಾಗ. ಕ್ಲಬ್ಬನ್ನು ಚೆಂಡಿನ ಹಿಂದೆ ಹಗುರವಾಗಿ ಊರಬಹುದು, ಅಭ್ಯಾಸದ ಬೀಸಿನಲ್ಲಿ ಮರಳು ತಾಗಬಹುದು. ಆದರೆ ಚೆಂಡಿನ ಹಿಂದಿನ ಮರಳನ್ನು ಒತ್ತಿ ಸಮ ಮಾಡುವುದು, ಸರಿಸುವುದು ತಪ್ಪು. ಹಾಗಾಗಿ ಅಭ್ಯಾಸದ ಬೀಸು ಚೆಂಡಿನಿಂದ ಎರಡು ಹೆಜ್ಜೆ ದೂರದಲ್ಲಿ ಇರಲಿ.

ಕಲ್ಲು, ಕಡ್ಡಿ ತೆಗೆಯಬಹುದು. ತೆಗೆಯುವಾಗ ಚೆಂಡು ಕದಲಿದರೆ ಒಂದು ಹೊಡೆತ ದಂಡ, ಚೆಂಡು ವಾಪಸ್ ಇಡಬೇಕು. ಕಲ್ಲು ಎಷ್ಟು ದೊಡ್ಡದಿರಬಹುದು? 1999ರಲ್ಲಿ ಅರಿಝೋನಾದ ಫೀನಿಕ್ಸ್ ಓಪನ್‌ನಲ್ಲಿ ಟೈಗರ್ ವುಡ್ಸ್ ಚೆಂಡಿನ ಮುಂದೆ ಬಂಡೆಯೇ ಇತ್ತು. ನೆಲಕ್ಕೆ ಅಂಟಿಕೊಂಡಿಲ್ಲ ಎಂದು ಅಧಿಕಾರಿ ಹೇಳಿದ ಮೇಲೆ ಪ್ರೇಕ್ಷಕರು ಹತ್ತಾರು ಜನ ಸೇರಿ ಅದನ್ನು ಉರುಳಿಸಿದರು. ಕಾನೂನು ಪ್ರಕಾರ ಅದು ಪೂರ್ತಿ ಸರಿ. ನಿಮ್ಮ ಜೊತೆ ಅಷ್ಟು ಜನ ಇರುವುದಿಲ್ಲ, ಅದು ಬೇರೆ ಮಾತು.

ಚೆಂಡು ಈ ಮರಳಿನಲ್ಲಿ ಹೂತಿದ್ದರೆ ಉಚಿತ ಡ್ರಾಪ್ ಇಲ್ಲ. ಮಳೆಗಾಲದ ಫೇರ್‌ವೇಯಲ್ಲಿ ಹೂತ ಚೆಂಡನ್ನು ಎತ್ತಿ ಆಡುವ ನಮ್ಮವರು ಇಲ್ಲಿ ಎಡವುತ್ತಾರೆ. ಹುಡುಕುವಾಗ ಮರಳು ಕೆದಕಬಹುದು, ಆಗ ಚೆಂಡು ಕದಲಿದರೆ ದಂಡವಿಲ್ಲ. ಆದರೆ ಮತ್ತೆ ಮೊದಲಿನ ಹಾಗೆಯೇ ಮರಳು ಮುಚ್ಚಬೇಕು, ಚೆಂಡಿನ ಸ್ವಲ್ಪ ಭಾಗ ಕಂಡರೆ ಸಾಕು. ಹಲ್ಲಿ, ನರಿಯಂಥ ಪ್ರಾಣಿಗಳ ಬಿಲಕ್ಕೆ ಬಿದ್ದರೆ ಉಚಿತ ಡ್ರಾಪ್ ಇದೆ. ಹಾವು ಹತ್ತಿರ ಇದ್ದರೂ ಇದೆ. ಮುಳ್ಳಿನ ಗಿಡಕ್ಕೆ ಇಲ್ಲ. ಪೊದೆಗೆ ಕೈ ಹಾಕಬೇಡಿ, ಕ್ಲಬ್‌ನಿಂದಲೇ ಸರಿಸಿ ನೋಡಿ. ಚೇಳು, ಹಾವಿಗೆ ನಿಮ್ಮ ಹ್ಯಾಂಡಿಕ್ಯಾಪ್ ಗೊತ್ತಿಲ್ಲ.

ಹೊಡೆತದ ವಿಷಯ. ಮೊದಲು ಚೆಂಡಿನ ಪಕ್ಕದ ನೆಲ ಕಾಲಿನಿಂದ ಗಮನಿಸಿ: ಮೇಲೆ ತೆಳು ಮರಳು, ಕೆಳಗೆ ಕಲ್ಲು ಇದ್ದರೆ ಜೋರಾಗಿ ಬೀಸಲೇಬೇಡಿ. ಕ್ಲಬ್ ಹಾಳಾಗುವುದು ಇರಲಿ, ಮಣಿಕಟ್ಟು ಉಳುಕಿದರೆ ರಜೆಯೇ ಮುಗಿಯಿತು. ನೆಲ ಸಮತಟ್ಟು, ಚೆಂಡು ಮೇಲೆ ಕೂತಿದೆ ಎಂದಾದರೆ 7 ಅಥವಾ 8 ಐರನ್, ಚೆಂಡು ಸ್ವಲ್ಪ ಬಲಕ್ಕೆ, ಕೈಗಳು ಮುಂದೆ, ಮುಕ್ಕಾಲು ಸ್ವಿಂಗ್. ದಪ್ಪ ಬೌನ್ಸ್‌ನ ವೆಜ್ ಇಲ್ಲಿ ಬೇಡ, ಗಟ್ಟಿ ನೆಲಕ್ಕೆ ಪುಟಿದು ಚೆಂಡಿನ ನಡುವಿಗೆ ತಾಗುತ್ತದೆ.

ಇಲ್ಲಿ ನನ್ನದೊಂದು ಕಟ್ಟುನಿಟ್ಟಿನ ಸಲಹೆ. ಕಾಡು ಮರಳಿನಿಂದ ಗ್ರೀನ್‌ಗೆ ಗುರಿ ಇಡಬೇಡಿ. ಅತಿ ಹತ್ತಿರದ ಹುಲ್ಲು ಯಾವ ದಿಕ್ಕಿನಲ್ಲಿದೆ ನೋಡಿ, ಹಿಂದಕ್ಕಿದ್ದರೂ ಸರಿ, ಅಲ್ಲಿಗೆ ಹಾಕಿ. ದೊಡ್ಡ ಅಂಕಿಗಳೆಲ್ಲ ಹುಟ್ಟುವುದು ಮರಳಿಗೆ ಹೋದ ಮೊದಲ ಹೊಡೆತದಿಂದಲ್ಲ, ಅಲ್ಲಿಂದ ‘ಒಂದು ಪ್ರಯತ್ನ ಮಾಡೋಣ’ ಎಂದು ಹೊಡೆದ ಎರಡನೆಯದರಿಂದ. ಘಾಫ್ ಮರದ ಕೆಳಗೆ ಸಿಕ್ಕಿಹಾಕಿಕೊಂಡಿದ್ದರೆ ಒಂದು ಹೊಡೆತ ಸೇರಿಸಿ ಎರಡು ಕ್ಲಬ್ ಉದ್ದದೊಳಗೆ ಡ್ರಾಪ್ ತೆಗೆದುಕೊಳ್ಳಿ. ಮರಳು ಕೆಂಪು ಗೂಟದ ಒಳಗಿದ್ದರೆ ಇನ್ನೂ ಸುಲಭ, ಚೆಂಡು ಗಡಿ ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದ, ಒಂದು ಹೊಡೆತ.

ಬಗ್ಗಿಯನ್ನು ಮರಳಿಗೆ ಇಳಿಸಬೇಡಿ. ಹೂತರೆ ತಳ್ಳುವವರು ನೀವೇ.

ಗ್ರೀನ್ ಮೇಲೆ

ಗಲ್ಫ್‌ನ ಹಲವು ಕೋರ್ಸ್‌ಗಳಲ್ಲಿ ಪಾಸ್ಪಾಲಂ ಎಂಬ ಹುಲ್ಲು. ಉಪ್ಪು ನೀರು ತಡೆಯುವ ಜಾತಿ ಅದು, ಅದಕ್ಕೇ ಅಲ್ಲಿ ಬೆಳೆಸುತ್ತಾರೆ. ಚೆಂಡು ಬಿದ್ದಲ್ಲಿ ಬೇಗ ಹಿಡಿದು ನಿಲ್ಲುತ್ತದೆ, ಹಾಗಾಗಿ ಬಾವುಟದವರೆಗೂ ಹಾರಿಸಬಹುದು. ಬರ್ಮುಡಾ ಗ್ರೀನ್ ಆದರೆ ಹುಲ್ಲು ವಾಲಿದ ದಿಕ್ಕು ನೋಡಬೇಕು. ಚೆಂಡಿನ ಹಿಂದೆ ನಿಂತಾಗ ಹುಲ್ಲು ಹೊಳೆದಂತೆ ಕಂಡರೆ ಅದು ನಿಮ್ಮಿಂದ ಆಚೆ ವಾಲಿದೆ, ಪಟ್ ವೇಗವಾಗಿ ಹೋಗುತ್ತದೆ. ಕಪ್ಪಗೆ ಕಂಡರೆ ಎದುರು, ಜೋರಾಗಿ ಹೊಡೆಯಬೇಕು. ಅನುಮಾನ ಇದ್ದರೆ ಕುಳಿಯ ಅಂಚು ನೋಡಿ. ಒಂದು ಬದಿ ಕತ್ತರಿಸಿದಂತೆ ಚೊಕ್ಕ, ಇನ್ನೊಂದು ಬದಿ ಹರಿದಂತೆ ಇದ್ದರೆ ಹುಲ್ಲು ಆ ಹರಿದ ಬದಿಗೆ ಬೆಳೆಯುತ್ತಿದೆ. ಗ್ರೀನ್ ಮೇಲೆ ಹಾರಿ ಬಂದ ಮರಳನ್ನು ಕೈಯಿಂದ ಸರಿಸಬಹುದು. ಗ್ರೀನ್ ಹೊರಗೆ ಸರಿಸುವಂತಿಲ್ಲ.

ಹುಲ್ಲಿಗೆ ಹಾಕುವುದು ಹೆಚ್ಚಾಗಿ ಶುದ್ಧೀಕರಿಸಿದ ಕೊಳಚೆ ನೀರು. ಚೆಂಡನ್ನು ನಾಲಿಗೆಗೆ ತಾಗಿಸಿ ಒರೆಸುವ ಅಭ್ಯಾಸ, ಚೆಂಡು ಇಡುವ ಟೀ ಕಡ್ಡಿಯನ್ನು ಬಾಯಲ್ಲಿ ಕಚ್ಚುವ ಅಭ್ಯಾಸ ಇದ್ದವರು ಬಿಡಿ.

ಮೈ ಕಾಯ್ದುಕೊಳ್ಳುವುದು

ಮಂಗಳೂರಿನ ಸೆಕೆ ಕಂಡವರಿಗೆ ದುಬೈ ಬಿಸಿಲು ಏನು ಮಹಾ ಎನ್ನಿಸುತ್ತದೆ. ಅಪಾಯ ಇರುವುದು ಅಲ್ಲೇ. ನಮ್ಮಲ್ಲಿ ಬೆವರು ಹರಿದು ಅಂಗಿ ಒದ್ದೆಯಾಗುತ್ತದೆ, ನೀರು ಕುಡಿಯಬೇಕೆಂದು ಗೊತ್ತಾಗುತ್ತದೆ. ಮರಳುಗಾಡಿನ ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ, ಮೈಯ ನೀರು ಮಾತ್ರ ಹೋಗಿರುತ್ತದೆ. ಬಾಯಾರಿಕೆ ಕಾಯಬೇಡಿ. ಎರಡು ಹೋಲ್‌ಗೆ ಒಂದು ಲೋಟ ನೀರು ಎಂದು ಲೆಕ್ಕ ಇಟ್ಟುಕೊಳ್ಳಿ. ಹಿಂದಿನ ಸಂಜೆಯಿಂದಲೇ ಶುರು ಮಾಡಿ. ಬೊಂಡ ಸಿಗದಿದ್ದರೆ ಓಆರ್‌ಎಸ್ ಪುಡಿ, ಇಲ್ಲವೇ ಅಲ್ಲಿ ಎಲ್ಲ ಅಂಗಡಿಯಲ್ಲಿ ಸಿಗುವ ಮಜ್ಜಿಗೆಯಂಥ ಲಬನ್‌ಗೆ ಚಿಟಿಕೆ ಉಪ್ಪು. ಒಂಬತ್ತನೇ ಹೋಲ್ ನಂತರದ ತಣ್ಣನೆ ಬಿಯರ್ ಆಟ ಮುಗಿದ ಮೇಲಕ್ಕೆ ಇರಲಿ.

ತಲೆ ಸುತ್ತು, ವಾಕರಿಕೆ, ಮಾತು ತೊದಲುವುದು, ಬಿಸಿಲಿನಲ್ಲೂ ಚಳಿ ಎನಿಸುವುದು ಕಂಡರೆ ಆಟ ಅಲ್ಲಿಗೇ ನಿಲ್ಲಿಸಿ. ನೆರಳಿಗೆ ಕರೆದೊಯ್ದು ಕುತ್ತಿಗೆ, ಕಂಕುಳಿಗೆ ತಣ್ಣನೆ ಬಟ್ಟೆ ಇಟ್ಟು ಮಾರ್ಷಲ್‌ಗೆ (ಕೋರ್ಸ್‌ನ ಮೇಲ್ವಿಚಾರಕರಿಗೆ) ಹೇಳಿ. ಯುಎಇಯಲ್ಲಿ ಆಂಬುಲೆನ್ಸ್ ಸಂಖ್ಯೆ 998. ಹಿರಿಯರು, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಮೊದಲ ದಿನ ಒಂಬತ್ತೇ ಹೋಲ್ ಆಡುವುದು ಜಾಣತನ.

ಆಟ ಮುಗಿದ ಮೇಲೆ

ಬಾಡಿಗೆ ಸೆಟ್ ಆದರೆ ಕ್ಲಬ್ ಎಣಿಸಿ ವಾಪಸ್ ಕೊಡಿ. ಸ್ಯಾಂಡ್ ವೆಜ್ ಬಂಕರ್ ಬದಿಯಲ್ಲಿ ಮರೆತು ಬರುವುದು ಅಲ್ಲಿ ದಿನನಿತ್ಯದ ಸಂಗತಿ. ಸ್ವಂತ ಸೆಟ್ ಆದರೆ ಹೊರಡುವ ಮೊದಲು ಬ್ರಶ್‌ನಿಂದ ಗೆರೆಗಳ ಮರಳು ತೆಗೆದು, ಗ್ರಿಪ್ ಒರೆಸಿ, ಬ್ಯಾಗ್ ಬೋರಲು ಹಾಕಿ ಕೊಡವಿ. ಶೂ ಅಡಿಯ ಮರಳನ್ನೂ ತಟ್ಟಿ ತೆಗೆಯಿರಿ. ಮನೆಗೆ ಬಂದ ಮೇಲೆ ಬ್ಯಾಗನ್ನು ಹಾಗೇ ಅಟ್ಟಕ್ಕೆ ಏರಿಸಬೇಡಿ. ಕಡಲ ಮರಳಿನಲ್ಲಿ ಉಪ್ಪಿರುತ್ತದೆ, ನಮ್ಮ ಗಾಳಿಯಲ್ಲಿ ತೇವ. ಎರಡೂ ಸೇರಿದರೆ ಮುಂದಿನ ಮಳೆಗಾಲದೊಳಗೆ ವೆಜ್‌ಗೆ ತುಕ್ಕು, ಗ್ಲವ್‌ಗೆ ಬೂಸ್ಟು. ಎಲ್ಲ ಜಿಪ್ ತೆಗೆದು ಒಂದು ದಿನ ಬಿಸಿಲಿಗೆ ಇಡಿ, ಗ್ಲವ್ ಮಾತ್ರ ನೆರಳಲ್ಲಿ ಒಣಗಿಸಿ.